ನಾನು ಹೊರಗಿಟ್ಟ ಅಕ್ಕ

ನನ್ನ ಅಕ್ಕನ ಕಿವಿಗೆ ತೂತು ಇರಲಿಲ್ಲ. ಐವತ್ತಾರನೆಯ ವಯಸ್ಸಿನವರೆಗೂ ಇರಲಿಲ್ಲ. ದಪ್ಪನೆಯ, ಸ್ವಲ್ಪ ಮುಂದಕ್ಕೆ ಬಾಗಿದ ಕಿವಿಗಳು ಅವಳವು. ಹಾಲೆಗಳು ಹುಟ್ಟಿದಾಗ ಹೇಗಿದ್ದವೋ ಹಾಗೇ ನುಣ್ಣಗೆ ಖಾಲಿ ಇದ್ದವು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸರು ಮೊದಲು ಅವಳ ಕಿವಿ ನೋಡುತ್ತಿದ್ದರು, ಆಮೇಲೆ ಬರಿಯ ಹಣೆ, ಆಮೇಲೆ ಬಳೆಯಿಲ್ಲದ ಕೈ. ಏನೋ ಕೇಳಬೇಕೆಂದು ಬಾಯಿ ತೆರೆದು, ಪಾಪ ಅನ್ನಿಸಿ, ಆಚೆ ತಿರುಗಿಬಿಡುತ್ತಿದ್ದರು. ಅವಳಿಗೆ ಅದು ಗೊತ್ತಾಗುತ್ತಿತ್ತು. "ಇವತ್ತೂ ಒಬ್ಬರು ನನ್ನನ್ನ ವಿಧವೆ ಮಾಡಿದ್ರು, ಮದುವೇನೇ ಮಾಡಿಸದೆ" ಎಂದು ಮನೆಗೆ ಬಂದು ನಗುತ್ತಿದ್ದಳು.

ಇದನ್ನು ಬರೆಯಬೇಕೆಂದು ಕೂತು ಎರಡು ವರ್ಷವಾಯಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯುತ್ತೇನೆ ಅಂದುಕೊಂಡೆ, ತೆಗೆಸಿದ್ದಾಯಿತು. ಪೆನ್ನು ಸರಿಯಿಲ್ಲ ಅಂದುಕೊಂಡೆ, ಹೊಸದು ತಂದದ್ದಾಯಿತು. ಎಪ್ಪತ್ತೈದು ತುಂಬಿದ ಮೇಲೆ ಇನ್ನು ನೆಪ ಹುಡುಕುವುದರಲ್ಲಿ ಅರ್ಥವಿಲ್ಲ. ನಾನು ಬರಹಗಾರನಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಓದಿದ್ದು ಎಸ್ಸೆಸ್ಸೆಲ್ಸಿ, ಅದನ್ನು ಪಾಸು ಮಾಡಿಸಿದ್ದೂ ಅಕ್ಕನೇ. ಅಕ್ಷರದ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ನಾನು ಮಾಡಿದ್ದನ್ನು ಮಾತ್ರ ಇದ್ದ ಹಾಗೆ ಹೇಳುತ್ತೇನೆ.

ನಮ್ಮದು ಒಂದು ಸಣ್ಣ ಸಭೆ. ಕ್ರೈಸ್ತರೇ, ಆದರೆ ಊರಿನ ಬೇರೆ ಚರ್ಚುಗಳ ಜೊತೆ ನಮಗೆ ಹೋಗಿ ಬರುವುದಿರಲಿಲ್ಲ. ಕಾರ್ಖಾನೆ ಜೋರಾಗಿದ್ದ ಕಾಲದಲ್ಲಿ ಮದರಾಸಿನ ಕಡೆಯಿಂದ ಬಂದ ಒಬ್ಬ ಫೋರ್‌ಮನ್ ತನ್ನ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಶುರುಮಾಡಿದ್ದು. ತಮಿಳರು, ತೆಲುಗರು, ನಮ್ಮಂಥ ನಾಲ್ಕಾರು ಕನ್ನಡದ ಮನೆಗಳು. ಆಮೇಲೆ ಜನ್ನಾಪುರದ ಕಡೆ ಶೀಟು ಹೊದಿಸಿದ ಒಂದು ಹಾಲ್ ಕಟ್ಟಿಕೊಂಡೆವು. ಹೂವು ಮುಡಿಯಬಾರದು, ಚಿನ್ನ ಹಾಕಬಾರದು, ಹೆಣ್ಣುಮಕ್ಕಳ ಕಿವಿ ಚುಚ್ಚಿಸಬಾರದು, ಸಿನಿಮಾ ನೋಡಬಾರದು. ಹೆಂಡ, ಹೊಗೆಸೊಪ್ಪು ಹಾಗಿರಲಿ, ಕಾಫಿ ಚಹಾ ಕೂಡ ಮುಟ್ಟಬಾರದು. ತಿಂಗಳ ಮೊದಲ ಭಾನುವಾರ ಉಪವಾಸ. ಮದುವೆ ಸಭೆಯೊಳಗೇ. ದೇವರಿಗೆ ಒಪ್ಪಿಗೆಯಾದ ಸಭೆ ಲೋಕದಲ್ಲಿ ಇದೊಂದೇ ಎಂದು ನಾವು ನಂಬಿದ್ದೆವು. ಈಗ ಓದುವವರಿಗೆ ನಗು ಬರಬಹುದು. ನಮಗೆ ಆ ಹಾಲ್ ಬಿಟ್ಟರೆ ಬೇರೆ ನೆಂಟರಿರಲಿಲ್ಲ. ಜ್ವರ ಬಂದರೆ ಗಂಜಿ ತರುವವರು, ಸತ್ತರೆ ಹೆಗಲು ಕೊಡುವವರು ಎಲ್ಲರೂ ಅಲ್ಲಿಯವರೇ.

ಇನ್ನೊಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ, ಈಸ್ಟರಿಗೆ ಮುಂಚೆ, ಪ್ರತಿಯೊಬ್ಬರೂ ಸಭೆಯ ನಾಲ್ವರು ಹಿರಿಯರಲ್ಲಿ ಒಬ್ಬರ ಮುಂದೆ ಒಂಟಿಯಾಗಿ ಕೂತು ಏಳು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಉತ್ತರ ಸರಿಯಿದ್ದರೆ ಹಿರಿಯ ಒಂದು ಚೀಟಿಗೆ ಸಹಿ ಹಾಕುತ್ತಿದ್ದ. ಚೀಟಿ ಇದ್ದವರಿಗೆ ಮಾತ್ರ ಆ ವರ್ಷ ಆರಾಧನೆಯಲ್ಲಿ ಕ್ರಿಸ್ತನ ನೆನಪಿಗೆ ಹಂಚುವ ರೊಟ್ಟಿ. ಚೀಟಿ ಸಿಗದವರು ಒಂದು ವಾರದಲ್ಲಿ ಮನಸ್ಸು ಬದಲಿಸದಿದ್ದರೆ ಅವರ ಹೆಸರನ್ನು ಭಾನುವಾರ ಎಲ್ಲರೆದುರು ಓದಿ ಹೊರಗಿಡುತ್ತಿದ್ದರು. ಹೊರಗಿಟ್ಟವರ ಜೊತೆ ಸಭೆಯವರು ಯಾರೂ ಊಟಕ್ಕೆ ಕೂರುವಂತಿಲ್ಲ, ಒಂದೇ ಮನೆಯವರಾದರೂ ಸರಿ. ನಲವತ್ತೈದರಲ್ಲಿ ನಾನೂ ಆ ನಾಲ್ವರಲ್ಲಿ ಒಬ್ಬನಾದೆ. ಕನ್ನಡ ಬಲ್ಲವನು ಎಂದು ಹೆಸರು ಓದುವ ಕೆಲಸವನ್ನು ನನಗೇ ಕೊಟ್ಟಿದ್ದರು.

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅಪ್ಪ ಶಿಫ್ಟ್ ಮುಗಿಸಿ ಬಂದರೆ ಬೈಬಲ್ ಹಿಡಿದು ಕೂರುವವರು, ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ ಅವರಿಗೆ ಗೊತ್ತಿರುತ್ತಿರಲಿಲ್ಲ. ಅಕ್ಕ ಅನ್ನ ಮಾಡುತ್ತಲೇ ಟಿ.ಸಿ.ಎಚ್. ಮುಗಿಸಿದಳು. ಮಲವಗೊಪ್ಪದ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ, ಬುತ್ತಿ ಕಟ್ಟಿ, ಬಸ್ಸಿಗೆ ಓಡುತ್ತಿದ್ದಳು. ಸಂಜೆ ಬಂದಾಗ ಅವಳ ಸೀರೆಯ ಮಡಿಕೆಯಲ್ಲೆಲ್ಲ ಸೀಮೆಸುಣ್ಣದ ಪುಡಿ. ಚೀಲದಲ್ಲಿ ಯಾವಾಗಲೂ ಒಂದು ಹಳೆಯ ಬ್ಲೇಡು, ಆರೇಳು ಮೊಂಡು ಪೆನ್ಸಿಲ್ಲು ಇರುತ್ತಿದ್ದವು. ಮಕ್ಕಳ ಪೆನ್ಸಿಲ್ಲುಗಳನ್ನು ಮನೆಗೆ ತಂದು, ಪ್ರಾರ್ಥನೆ ನಡೆಯುತ್ತಿರುವಾಗ ಮಡಿಲಲ್ಲಿ ಪೇಪರು ಹಾಸಿಕೊಂಡು ಚೂಪು ಮಾಡುತ್ತಾ ಕೂರುವಳು. ಅಪ್ಪ ಕಣ್ಣು ಬಿಟ್ಟು ನೋಡಿದರೆ, "ಕೇಳ್ತಿದೀನಿ ಅಪ್ಪಾ, ಕೈಗೇನು ಕಿವಿ ಇದೆಯಾ" ಅನ್ನುವಳು.

ಶಾಲೆಯಲ್ಲಿ ಒಬ್ಬ ಮೇಷ್ಟರು ಅವಳನ್ನು ಮದುವೆಯಾಗಲು ಕೇಳಿದ್ದರು. ನಮ್ಮ ಸಭೆಯವರಲ್ಲ. ಅಪ್ಪ ಒಂದೇ ಮಾತಿನಲ್ಲಿ ಬೇಡ ಅಂದರು. ಅಕ್ಕನೂ ಅಪ್ಪನ ಮಾತು ಮೀರಲಿಲ್ಲ, ಆಗ ಅವಳಿಗೆ ನಂಬಿಕೆ ಗಟ್ಟಿಯಿತ್ತು. ಸಭೆಯ ಗಂಡುಗಳು ಬೆರಳೆಣಿಕೆಯಷ್ಟು. ಅವರಲ್ಲಿ ಓದಿದ ಹುಡುಗಿಯನ್ನು ಕೇಳಿ ಬಂದವರು ಯಾರೂ ಇಲ್ಲ. ಹಾಗೆ ಅವಳು ಉಳಿದಳು. ನನ್ನ ಮದುವೆಯಾದ ಮೇಲೂ ನಮ್ಮ ಜೊತೆಯಲ್ಲೇ ಇದ್ದಳು. ನಮಗೆ ಮಕ್ಕಳಾಗಲಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಮೂರೇ ಜನ.

ಎಸ್ಸೆಸ್ಸೆಲ್ಸಿಯಲ್ಲಿ ನಾನು ಮೊದಲ ಸಲ ಗಣಿತದಲ್ಲಿ ಫೇಲಾಗಿದ್ದೆ. ಎರಡನೆಯ ಸಲ ಪರೀಕ್ಷೆಗೆ ಮುಂಚೆ ಒಂದು ಸಂಜೆ ಅಂಗಿಯ ಕೈಮಡಿಕೆಯೊಳಗೆ ಸೂತ್ರ ಬರೆದ ಕಾಗದದ ಚೂರು ಸೇರಿಸುತ್ತಿದ್ದದ್ದನ್ನು ಅಕ್ಕ ಕಂಡಳು. ಬೈಯಲಿಲ್ಲ. ಆ ಚೂರನ್ನು ತೆಗೆದು ಒಲೆಗೆ ಹಾಕಿ, "ನಿನಗೆ ಬಂದಷ್ಟೇ ಬರಿ. ಬರದೇ ಇದ್ದದ್ದನ್ನ ಖಾಲಿ ಬಿಡು. ಖಾಲಿ ಬಿಡೋದು ಅವಮಾನ ಅಲ್ಲ ಕಣೋ" ಅಂದಳು. ಆಮೇಲೆ ಹದಿನೈದು ದಿನ ಎದುರಿಗೆ ಕೂತು ಲೆಕ್ಕ ಮಾಡಿಸಿದಳು. ಮೂವತ್ತೆಂಟು ಅಂಕ ಬಂತು. ಅದರ ಮೇಲೇ ನನಗೆ ಕಾರ್ಖಾನೆಯ ಕೆಲಸ ಸಿಕ್ಕಿದ್ದು.

ಕಾಫಿಯ ವಿಷಯ ಈಗ ಹೇಳಿಬಿಡಬೇಕು. ಈ ಕಡೆ ಯಾರ ಮನೆಗೆ ಹೋದರೂ ಮೊದಲು ಬರುವುದು ಕಾಫಿ. ಬೇಡ ಅಂದರೆ ಅವರ ಮನೆಯನ್ನೇ ಬೇಡ ಅಂದ ಹಾಗೆ. ನಾವು ಎಲ್ಲಿ ಹೋದರೂ "ನಮ್ಮಲ್ಲಿ ಕುಡಿಯಲ್ಲ" ಅನ್ನಬೇಕು, ಅವರು ಮುಖ ಚಿಕ್ಕದು ಮಾಡಿಕೊಂಡು ಒಳಗೆ ಹೋಗಿ ಮಜ್ಜಿಗೆಯನ್ನೋ ಬೆಲ್ಲದ ನೀರನ್ನೋ ತರಬೇಕು. ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ಹಾಗೇ ಬೆಲ್ಲದ ನೀರು ಕುಡಿದಳು.

ನಾನು ಬೆಲ್ಲದ ನೀರಿಗೆ ತೃಪ್ತನಾಗಲಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷದಿಂದಲೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಕ್ಕೆ ಎರಡು ಸಲ ಕಾಫಿ ಕುಡಿಯುತ್ತಿದ್ದೆ. ಸಭೆಯ ಇತರರು ಬರುವ ಹೊತ್ತು ತಪ್ಪಿಸಿ, ಕಂಬದ ಹಿಂದಿನ ಬೆಂಚಿನಲ್ಲಿ. ವರ್ಷವರ್ಷವೂ ಚೀಟಿಗೆ ಕೂತಾಗ "ಕಾಫಿ ಚಹಾ ಮುಟ್ಟಿದ್ದೀಯಾ" ಎಂದು ಕೇಳಿದರೆ "ಇಲ್ಲ" ಅನ್ನುತ್ತಿದ್ದೆ. ಹಿರಿಯನಾದ ಮೇಲೆ ಉಳಿದ ಮೂವರು ನನ್ನನ್ನು ಕೇಳುತ್ತಿದ್ದರು, ಆಗಲೂ "ಇಲ್ಲ". ಮೊದಮೊದಲು ನಾಲಿಗೆ ಒಣಗುತ್ತಿತ್ತು. ಆಮೇಲೆ ಅದೂ ನಿಂತುಹೋಯಿತು.

ಅಕ್ಕನ ನಂಬಿಕೆ ಯಾವಾಗ ಸಡಿಲವಾಯಿತೋ ನನಗೆ ತಿಳಿಯದು. ಅವಳೇ ಹೇಳಿದ್ದು ಇಷ್ಟು. ಒಂದನೆಯ ತರಗತಿಯ ಒಂದು ಹೆಣ್ಣುಮಗು ಅವಳ ಕಿವಿಯ ಹಾಲೆ ಮುಟ್ಟಿ, "ಮಿಸ್, ನಿಮ್ಗೆ ಯಾಕೆ ತೂತಿಲ್ಲ?" ಎಂದು ಕೇಳಿತಂತೆ. ಇಂಥ ಪ್ರಶ್ನೆ ಅವಳಿಗೆ ಹೊಸದಲ್ಲ. "ನಮ್ಮಲ್ಲಿ ಚುಚ್ಚಿಸಲ್ಲ ಪುಟ್ಟಾ" ಎಂದಳು. ಮಗು ಅಷ್ಟಕ್ಕೆ ಬಿಡದೆ, "ನಿಮ್ಗೆ ಬೇಕಾ ಬೇಡ್ವಾ?" ಅಂದಿತಂತೆ. "ಐವತ್ತಾರು ವರ್ಷ ಆಯ್ತು, ನನಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳ್ಕೊಂಡಿರಲಿಲ್ಲ" ಎಂದಳು.

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಮನೆಗೆ ಬರುವ ಬದಲು ಶಿವಮೊಗ್ಗದ ಬಸ್ಸು ಹತ್ತಿದಳು. ಗಾಂಧಿ ಬಜಾರಿನ ಒಂದು ಗಲ್ಲಿಯಲ್ಲಿ ಚಿನ್ನದ ಕೆಲಸದ ಆಚಾರ್ರ ಸಣ್ಣ ಅಂಗಡಿ. ಎದುರಿಗೆ ತಾಯಂದಿರು ಮಡಿಲಲ್ಲಿ ಕೂಸುಗಳನ್ನು ಇಟ್ಟುಕೊಂಡು ಕಾದಿದ್ದರು. ಅಕ್ಕನೂ ಸರದಿಯಲ್ಲಿ ಕೂತಳು. ಅವಳ ಸರದಿ ಬಂದಾಗ ಆಚಾರ್ರು ಆಚೀಚೆ ನೋಡಿ, "ಮಗು ಎಲ್ಲಮ್ಮಾ?" ಅಂದರಂತೆ. "ನಾನೇ ಮಗು, ಚುಚ್ಚಿ" ಅಂದಳಂತೆ. ಆಚಾರ್ರು ಮಣೆ ಎಳೆದು ಕೂರಿಸಿ, "ಅಳಬಾರ್ದು ಮತ್ತೆ" ಎಂದರಂತೆ. ಅಷ್ಟೂ ತಾಯಂದಿರು ನಕ್ಕರಂತೆ. ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಅವಳ ಎರಡೂ ಹಾಲೆ ಕೆಂಪಗೆ ಊದಿದ್ದವು, ಅರಿಶಿನ ಕೊಬ್ಬರಿ ಎಣ್ಣೆ ಹಚ್ಚಿದ್ದರ ಮೇಲೆ ಕಡಲೆಬೇಳೆಯಷ್ಟು ಓಲೆ ಮಿನುಗುತ್ತಿತ್ತು. ಅವಳನ್ನು ಅಷ್ಟು ಹಗುರವಾಗಿ ನಾನು ಯಾವತ್ತೂ ನೋಡಿರಲಿಲ್ಲ. ನನ್ನ ಹೆಂಡತಿ ಹತ್ತಿರ ಹೋಗಿ, "ಉರೀತಿದೆಯಾ ಅಕ್ಕಾ?" ಎಂದು ಕೇಳಿದಳು. ನಾನು ಕೇಳಿದ್ದು ಬೇರೆ. "ಚೀಟಿಗೆ ಹೇಗೆ ಕೂರ್ತೀಯ?" ಅಂದೆ.

ಚೀಟಿಗೆ ಹತ್ತು ದಿನ ಉಳಿದಿತ್ತು. ಓಲೆ ತೆಗೆದಿಡುತ್ತಾಳೆ, ತೂತು ಮುಚ್ಚಿಕೊಳ್ಳುತ್ತದೆ ಎಂದು ನಾನು ಕಾದೆ. ತೆಗೆಯಲಿಲ್ಲ. ಬೇರೆ ಹಿರಿಯರ ಮುಂದೆ ಕೂರಿಸಿದರೆ ಮಾತು ಬೆಳೆಯುತ್ತದೆಂದು ಅವಳ ಹೆಸರನ್ನು ನನ್ನ ಪಟ್ಟಿಗೇ ಹಾಕಿಸಿಕೊಂಡೆ. ನಾನು ಹೇಗಾದರೂ ನಿಭಾಯಿಸುತ್ತೇನೆ ಎಂಬ ಧೈರ್ಯ.

ಹಾಲ್‌ನ ಹಿಂದೆ ಕುರ್ಚಿಗಳನ್ನಿಡುವ ಸಣ್ಣ ಕೋಣೆ. ಒಂದು ಮೇಜು, ಎದುರುಬದುರು ಎರಡು ಸ್ಟೂಲು. ಪ್ರಶ್ನೆ ಕೇಳುವಾಗ ಎಲ್ಲರನ್ನೂ ಸಹೋದರ, ಸಹೋದರಿ ಎಂದೇ ಕರೆಯಬೇಕೆಂದು ನಿಯಮ. ನಾನು ಕೆಮ್ಮಿ, "ಸಹೋದರಿ" ಎಂದು ಶುರುಮಾಡಿದೆ.

"ಏನೋ ಇದು. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತ ಮುಖ ಸಿಂಡರಿಸಿದವನು ಈಗ ಸಹೋದರಿ ಅಂತೀಯ" ಎಂದು ನಕ್ಕಳು.

ಮೊದಲ ಮೂರು ಪ್ರಶ್ನೆಗಳು ಸುಲಭದವು. ಸುಳ್ಳು ಸಾಕ್ಷಿ ಹೇಳಿದ್ದೀಯಾ, ಕದ್ದಿದ್ದೀಯಾ, ಯಾರ ಮೇಲಾದರೂ ಹಗೆ ಇಟ್ಟುಕೊಂಡಿದ್ದೀಯಾ. ಇಲ್ಲ ಇಲ್ಲ ಎಂದಳು. ನಾಲ್ಕನೆಯದು ಚಿನ್ನದ್ದು. "ನೋಡ್ತಾ ಇದೀಯಲ್ಲ" ಅಂದಳು. ಐದನೆಯದು ಕಾಫಿ. ಆ ತಿಂಗಳಿನಿಂದ ಶಾಲೆಯಲ್ಲಿ ಉಳಿದ ಟೀಚರುಗಳ ಜೊತೆ ಕುಡಿಯುತ್ತಿದ್ದೇನೆ, ಚೆನ್ನಾಗಿದೆ ಎಂದಳು. ಆರನೆಯದು ದಶಮಾಂಶದ್ದು, ಸಂಬಳದ ಹತ್ತರಲ್ಲೊಂದು ಪಾಲು ಸಭೆಗೆ ಕೊಟ್ಟಿದ್ದೀಯಾ ಎಂದು. ಕೊಟ್ಟಿದ್ದಳು. ಏಳನೆಯದನ್ನು ನಾನು ತಲೆ ಎತ್ತದೆ ಓದಿದೆ. ಈ ಸಭೆಯೊಂದೇ ದೇವರ ನಿಜವಾದ ಸಭೆ ಎಂದು ಪೂರ್ಣಮನಸ್ಸಿನಿಂದ ನಂಬುತ್ತೀಯಾ?

ಅವಳು ಓಲೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿಕೊಂಡಳು. ಆಮೇಲೆ, "ನಂಬ್ತಿದ್ದೆ. ಈಗ ಗೊತ್ತಿಲ್ಲ" ಎಂದಳು.

ನಾನು ಪೆನ್ಸಿಲ್ ಎತ್ತಿಕೊಂಡು, "ಹೌದು ಅಂತ ಬರ್ಕೊಳ್ತೀನಿ ಬಿಡಕ್ಕ. ಓಲೆ ಒಂದು ತೆಗೆದಿಡು, ಉಳಿದಿದ್ದು ನಾನು ನೋಡ್ಕೊಳ್ತೀನಿ" ಎಂದೆ.

"ಬೇಡ" ಎಂದಳು. "ಕೇಳಿದ್ದು ನೀನು, ಹೇಳಿದ್ದು ನಾನು. ಹೇಳಿದ್ದನ್ನೇ ಬರಿ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಿ ರೊಟ್ಟಿ ತಿಂದ್ರೆ ಅದು ಗಂಟಲಲ್ಲಿ ಇಳಿಯಲ್ಲ ಕಣೋ ನನಗೆ."

ನನಗೆ ಆ ರೊಟ್ಟಿ ಇಪ್ಪತ್ತೈದು ವರ್ಷ ಇಳಿದಿತ್ತು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗಲೇ ಅನ್ನಿಸಿತು. ಶಿಫ್ಟ್ ಮುಗಿಸಿ ಬಂದವನ ಅಂಗಿಯನ್ನು ಇಷ್ಟು ವರ್ಷ ನೆನೆಹಾಕಿದವಳಿಗೆ ಕಾಫಿಯ ಕಲೆ ಗೊತ್ತಾಗದೆ ಇದ್ದೀತೇ. ಆದರೆ ಅವಳು ಆ ಮಾತೆತ್ತಲಿಲ್ಲ. ನಾನು ಚೀಟಿಗೆ ಸಹಿ ಹಾಕಲಿಲ್ಲ.

ಗುರುವಾರ ನಾಲ್ವರು ಹಿರಿಯರ ಮುಂದೆ ಅವಳನ್ನು ಮತ್ತೆ ಕರೆಸಿದರು. ನಾನೂ ಆ ಸಾಲಿನಲ್ಲಿ ಕೂತಿದ್ದೆ. ನಮ್ಮಲ್ಲಿ ದೊಡ್ಡವರಾಗಿದ್ದ ತಮಿಳು ಹಿರಿಯರು ಮೃದುವಾಗಿಯೇ ಮಾತಾಡಿದರು. ಅವಳು ಸಂಡೇ ಸ್ಕೂಲಿನಲ್ಲಿ ಅವರ ಮೂವರು ಮಕ್ಕಳಿಗೂ ಪಾಠ ಹೇಳಿದವಳು. "ಅಮ್ಮಾ, ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಮ್ಮಾ, ಸಾಕು" ಎಂದರು. ತಪ್ಪಾಗಿದೆ ಅಂತ ಅನ್ನಿಸುತ್ತಿಲ್ಲ ಎಂದಳು. ಇನ್ನೊಬ್ಬ ಹಿರಿಯರು ಕಾಫಿಯ ಮಾತಿಗೆ ಬಂದು, ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಕುಡಿಯುತ್ತಾರೋ ಎಂದು ಕೇಳಿದರು. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. "ನಂದು ಕೇಳಿ, ಹೇಳ್ತೀನಿ. ಬೇರೆಯವರದ್ದನ್ನ ಅವರೇ ಹೇಳ್ಬೇಕು" ಎಂದಳು. ಹೇಳಬೇಕಾಗಿದ್ದವನು ಅಲ್ಲೇ ಮೂರು ಅಡಿ ದೂರದಲ್ಲಿ ಕೂತಿದ್ದ. ಬಾಯಿ ಬಿಡಲಿಲ್ಲ.

ಬಿಚ್ಚಿ ಹೇಳುತ್ತೇನೆ. ಅಕ್ಕನ ನಂಬಿಕೆ ಹೋಯಿತಲ್ಲಾ ಎಂದು ನನಗೆ ಸಂಕಟವಾಗಿರಲಿಲ್ಲ. ಅವಳ ಪರವಾಗಿ ಒಂದು ಮಾತಾಡಿದರೂ ಉಳಿದವರು ನನ್ನ ಕಡೆ ತಿರುಗುತ್ತಾರೆ, ನನ್ನದನ್ನೂ ಕೆದಕುತ್ತಾರೆ ಎಂದು ಹೆದರಿದ್ದೆ. ಆ ಹೆದರಿಕೆಗೆ ನಾನು ನಿಷ್ಠೆ ಎಂದು ಹೆಸರಿಟ್ಟುಕೊಂಡಿದ್ದೆ.

ಭಾನುವಾರ ನಾನೇ ಓದಿದೆ. ಬೇರೆಯವರು ಓದಲಿ ಎಂದು ಕೇಳಿಕೊಳ್ಳಬಹುದಿತ್ತು, ಕೇಳಿಕೊಳ್ಳಲಿಲ್ಲ. ಅವಳು ಎಂದಿನಂತೆ ಹೆಂಗಸರ ಕಡೆ ಎರಡನೆಯ ಸಾಲಿನಲ್ಲಿ ಕೂತಿದ್ದಳು. ಅವಳ ಪೂರ್ತಿ ಹೆಸರು, ಅಪ್ಪನ ಹೆಸರು, ಕಾರಣ, ತೀರ್ಮಾನ. ದನಿ ನಡುಗಬಾರದೆಂದು ಜೋರಾಗಿ ಓದಿದೆ. ಓದಿ ಮುಗಿಯುವತನಕ ಅವಳು ಕೂತಿದ್ದು, ಆಮೇಲೆ ಎದ್ದು, ಹಾಡಿನ ಪುಸ್ತಕವನ್ನು ಪಕ್ಕದವಳ ಕೈಗೆ ಕೊಟ್ಟು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದಳು.

ಮಧ್ಯಾಹ್ನ ಮನೆಯಲ್ಲಿ ನನ್ನ ಹೆಂಡತಿ ರೂಢಿಯಂತೆ ಮೇಜಿನ ಮೇಲೆ ಮೂರು ತಟ್ಟೆ ಇಟ್ಟಿದ್ದಳು. ನಾನು ಒಂದನ್ನು ತೆಗೆದೆ. ಅವಳು ಅದನ್ನು ಮತ್ತೆ ಇಟ್ಟಳು. ನಾನು ಮತ್ತೆ ತೆಗೆದೆ.

"ದಿನಾ ಕ್ಯಾಂಟೀನಲ್ಲಿ ನೀವು ಏನು ಕುಡಿದು ಬರ್ತೀರಿ ಅಂತ ನನಗೆ ಗೊತ್ತಿಲ್ವಾ?" ಎಂದಳು ಹೆಂಡತಿ. ಅವಳು ನನಗೆ ಎದುರಾಡಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ನಾನು, "ಸುಮ್ನಿರು" ಎಂದೆ.

ಅಕ್ಕ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಿದ್ದಳು. ಒಳಗೆ ಬಂದು ನನ್ನ ಕೈಯಲ್ಲಿದ್ದ ತಟ್ಟೆಯನ್ನು ತಾನೇ ತೆಗೆದುಕೊಂಡಳು. ಅನ್ನ ಸಾರು ಬಡಿಸಿಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಉಂಡಳು. ಹನ್ನೊಂದು ದಿನ ಹಾಗೇ ನಡೆಯಿತು. ಒಳಗೆ ನಾವಿಬ್ಬರು ಪ್ರಾರ್ಥನೆ ಮಾಡಿ ಉಣ್ಣುವಾಗ ಹಿತ್ತಲಲ್ಲಿ ಕಲ್ಲಿಗೆ ತಟ್ಟೆ ತಾಗುವ ಸದ್ದು ಕೇಳುತ್ತಿತ್ತು. ನನ್ನನ್ನು ಸಾಕಿದವಳು ಅವಳು. ಅಮ್ಮ ಸತ್ತ ಮೇಲೆ ನನಗೆ ತುತ್ತು ಕಲಸಿ ಕೊಟ್ಟ ಕೈ ಅದು. ನಾನು ಉಂಡೆ, ಎರಡನೆಯ ಸಲ ಬಡಿಸಿಕೊಂಡೂ ಉಂಡೆ.

ಹನ್ನೆರಡನೆಯ ದಿನ ಅವಳು ಮನೆ ಬಿಟ್ಟಳು. ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ಒಂದು ಮನೆಯ ಹಿಂಭಾಗ ಬಾಡಿಗೆಗೆ ಹಿಡಿದಿದ್ದಳು. ಹೋಗುವ ಹಿಂದಿನ ಸಂಜೆ ನನ್ನನ್ನು ಕರೆದು, "ನಿನ್ನ ಮೇಲೆ ಕೋಪ ಇಲ್ಲ ಕಣೋ. ಒಂದೇ ಮನೇಲಿ ಇದ್ಕೊಂಡು ಹೊರಗಿನವಳಾಗಿರೋದು ನನ್ ಕೈಲಾಗಲ್ಲ. ಅಲ್ಲಿ ನಾನು ನಾನಾಗಿ ಇರ್ತೀನಿ. ನಿನಗೆ ಬರಬೇಕು ಅನ್ನಿಸಿದ ದಿನ ಬಾ" ಎಂದಳು. ನಾನು ಮರುದಿನ ಬೆಳಗಿನ ಶಿಫ್ಟಿಗೆ ಬದಲಿ ಕೇಳಿ ಹಾಕಿಸಿಕೊಂಡೆ, ಅವಳು ಟ್ರಂಕು ಹೊರಗಿಡುವ ಹೊತ್ತಿಗೆ ಮನೆಯಲ್ಲಿ ಇರಬಾರದೆಂದು.

ಅನ್ನಿಸಿದ ದಿನಗಳು ಬಹಳ ಬಂದವು. ಹೋಗಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಎಷ್ಟು ದೂರವೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದು. ನನ್ನ ಹೆಂಡತಿ ಎರಡು ಮೂರು ಸಲ ಹೋಗೋಣ ಎಂದಳು. ಮುಂದಿನ ತಿಂಗಳು, ಈಸ್ಟರ್ ಕಳೀಲಿ ಎಂದೆ. ಅವಳು ಕೇಳುವುದನ್ನು ಬಿಟ್ಟಳು. ಹೆಂಡತಿ ಹನ್ನೊಂದು ವರ್ಷದ ಹಿಂದೆ ತೀರಿಕೊಂಡಳು. ಮಣ್ಣು ಮಾಡುವಾಗ ಸ್ಮಶಾನದ ಗೇಟಿನ ಆಚೆ, ರಸ್ತೆಯ ಬದಿಯಲ್ಲಿ ಅಕ್ಕ ನಿಂತಿದ್ದನ್ನು ಕಂಡೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಬರಲಿಲ್ಲ, ಬಂದರೆ ಸಭೆಯವರ ಎದುರು ನನಗೆ ಕಷ್ಟವಾಗುತ್ತದೆಂದು ನಿಂತಿದ್ದಳು ಎಂಬುದು ನನಗೆ ಗೊತ್ತಿತ್ತು. ಇಪ್ಪತ್ತು ಹೆಜ್ಜೆ. ಪಕ್ಕದಲ್ಲಿ ಉಳಿದ ಹಿರಿಯರು ನಿಂತಿದ್ದರು. ನಾನು ಬಗ್ಗಿ ಒಂದು ಹಿಡಿ ಮಣ್ಣು ಹಾಕಿ ತಲೆ ಎತ್ತಿದಾಗ ಅವಳು ಬಸ್ ಸ್ಟಾಪಿನ ಕಡೆ ನಡೆದು ಹೋಗುತ್ತಿದ್ದಳು.

ಕಾರ್ಖಾನೆಯ ಕೆಲಸ ಕಡಿಮೆಯಾಗುತ್ತಾ ಬಂದಂತೆ ಸಭೆಯೂ ಕರಗಿತು. ಒಬ್ಬೊಬ್ಬರಾಗಿ ಹೊಸೂರು, ಕೊಯಮತ್ತೂರು ಎಂದು ಮಕ್ಕಳ ಹಿಂದೆ ಹೋದರು. ತಮಿಳು ಹಿರಿಯರು ತೀರಿಕೊಂಡರು. ಆರು ವರ್ಷದ ಹಿಂದೆ ಹಾಲ್‌ಗೆ ಬೀಗ ಬಿತ್ತು. ಈಗ ನಾನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮುಂದಿನ ಮೇಜಿನಲ್ಲೇ ಕೂತು ಕಾಫಿ ಕುಡಿಯುತ್ತೇನೆ. ಕೇಳುವವರು ಯಾರೂ ಇಲ್ಲ.

ಆಗಲಾದರೂ ಹೋಗಬಹುದಿತ್ತು. ಒಂದು ಸಲ ಹೋದೆ. ಕಿತ್ತಲೆ ಹಣ್ಣು ಕೊಂಡು, ಕೋಟೆಯ ಆ ಬೀದಿ ಹುಡುಕಿ, ಮನೆಯ ಪಕ್ಕದ ಓಣಿಯತನಕ ಹೋದೆ. ಒಳಗೆ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಎಂಬತ್ತರ ಹತ್ತಿರದ ದನಿ, ಆದರೂ ಅದೇ ದನಿ. ಯಾವುದೋ ಮಗುವಿಗೆ, "ಅವನದ್ದು ನೋಡ್ಬೇಡ ಮಾರಾಯ, ನಿನಗೆ ಬಂದಷ್ಟು ಬರಿ ಸಾಕು" ಎನ್ನುತ್ತಿದ್ದಳು. ನಾನು ಓಣಿಯಲ್ಲೇ ನಿಂತೆ. ಏನೆಂದು ಶುರುಮಾಡಲಿ? ತಪ್ಪಾಯ್ತು ಅಂದರೆ ಯಾವ ತಪ್ಪು ಎಂದು ಹೇಳಬೇಕು. ಹಣ್ಣಿನ ಚೀಲದ ಸಮೇತ ವಾಪಸ್ಸು ಬಂದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಅವಳ ಜೊತೆ ಕೆಲಸ ಮಾಡಿ ನಿವೃತ್ತರಾಗಿ ಭದ್ರಾವತಿಯಲ್ಲಿರುವ ಒಬ್ಬ ಟೀಚರು ಫೋನ್ ಮಾಡಿದರು. ನಿನ್ನೆ ಸಂಜೆ ಹೋದರಂತೆ, ನಿದ್ದೆಯಲ್ಲಿದ್ದ ಹಾಗೆ ಹೋದರಂತೆ ಎಂದರು. ನನಗೆ ತಿಳಿಸಬೇಕೋ ಬೇಡವೋ ಎಂದು ಅವರೂ ಯೋಚಿಸಿದ್ದರೆಂದು ಅವರ ದನಿಯಲ್ಲೇ ಗೊತ್ತಾಯಿತು. ಅವರಿಗೆ ಕಾಲು ನೋವು, ಬರಲಾಗಲಿಲ್ಲ. ನಾನೊಬ್ಬನೇ ಬಸ್ಸು ಹತ್ತಿದೆ.

ಮನೆಯ ಮುಂದೆ ಇಪ್ಪತ್ತು ಮೂವತ್ತು ಜನ ಇದ್ದರು. ಎಲ್ಲ ವಯಸ್ಸಿನವರು. ಅಂಗಡಿ ಮುಚ್ಚಿ ಬಂದವರು, ಸ್ಕೂಟರಿನಲ್ಲಿ ಬಂದ ಹೆಂಗಸರು, ಅವಳ ಹತ್ತಿರ ಅಕ್ಷರ ಕಲಿತವರು. ಅವಳನ್ನು ಜಗಲಿಯಲ್ಲಿ ಮಲಗಿಸಿದ್ದರು. ಯಾರೋ ತಲೆ ಬಾಚಿ, ಮಲ್ಲಿಗೆ ಮುಡಿಸಿದ್ದರು. ಮನೆಯ ಯಜಮಾನರು ಹಣೆಗೆ ವಿಭೂತಿ ಹಚ್ಚಿದ, ಬೆನ್ನು ಬಾಗಿದ ವ್ಯಾಪಾರಸ್ಥರು. ಅವರ ಹೆಂಡತಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದರು. ಶಾಸ್ತ್ರ ಗೀಸ್ತ್ರ ಏನೂ ಬೇಡ, ಮಕ್ಕಳು ಒಂದು ಹಾಡು ಹಾಡಿದರೆ ಸಾಕು ಎಂದು ಅಕ್ಕ ಮೊದಲೇ ಹೇಳಿದ್ದಳಂತೆ. ಮಣ್ಣು ಮಾಡುವುದು ತಾನೇ, ನಮ್ಮಲ್ಲೂ ಅದೇ, ನಾವೇ ಮಾಡುತ್ತೇವೆ ಎಂದು ಯಜಮಾನರು ಎಲ್ಲ ಏರ್ಪಾಡು ಮಾಡಿದ್ದರು.

ಅಪರಿಚಿತ ಮುದುಕ ಬಿಸಿಲಲ್ಲಿ ನಿಂತಿದ್ದಾನೆಂದು ಯಾರೋ ಕುರ್ಚಿ ಹಾಕಿಕೊಟ್ಟರು. ಪಕ್ಕದ ಮನೆಯಿಂದ ಬಂದ ಕಾಫಿಯ ಲೋಟವನ್ನು ಯಜಮಾನರ ಹೆಂಡತಿ ನನಗೂ ತಂದುಕೊಟ್ಟರು.

"ಎಲ್ಲಿಂದ ಬಂದ್ರಿ?" ಎಂದು ಕೇಳಿದರು.

"ಭದ್ರಾವತಿ" ಎಂದೆ.

"ಟೀಚರ್ ಜೊತೆ ಕೆಲಸದಲ್ಲಿ ಇದ್ರಾ?"

ಅವರೇ ದಾರಿ ಮಾಡಿಕೊಟ್ಟರು. ನಾನು ಆ ದಾರಿಯಲ್ಲೇ ಹೋದೆ. "ಪರಿಚಯ. ಹಳೇ ಪರಿಚಯ" ಎಂದೆ.

ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. "ಒಬ್ಬ ತಮ್ಮ ಇದಾರಂತೆ ಪಾಪ. ಅಸ್ಸಾಂ ಕಡೆ. ಹಾರ್ಟ್ ಆಪರೇಷನ್ ಆಗಿದೆ, ಇಷ್ಟು ದೂರ ಓಡಾಡೋ ಹಾಗಿಲ್ಲ ಅಂತಿದ್ರು. ಹಬ್ಬ ಹುಣ್ಣಿಮೆಗೆ ಶಾಲೆ ಫೋನಿಗೆ, ಆಮೇಲೆ ಮೊಬೈಲಿಗೆ ಮಾಡ್ತಾನೆ, ಅಕ್ಕಾ ಅಂದ್ರೆ ಪ್ರಾಣ ಅವನಿಗೆ ಅಂತಿದ್ರು. ನಂಬರ್ ಹುಡುಕಿದ್ವಿ, ಸಿಗ್ಲಿಲ್ಲ. ಅವರಿಗೆ ಗೊತ್ತಾದ್ರೆ ಹೆಂಗೆ ತಡ್ಕೊಳ್ತಾರೋ."

ನಾನು ಅಸ್ಸಾಂ ಕಂಡವನಲ್ಲ. ನನ್ನ ಎದೆಗೆ ಏನೂ ಆಗಿಲ್ಲ. ನಾನು ಅವಳಿಗೆ ಒಂದು ಸಲವೂ ಫೋನ್ ಮಾಡಿದವನಲ್ಲ. ಏಳನೆಯ ಪ್ರಶ್ನೆಗೆ ಒಂದು "ಹೌದು" ಅಂದುಬಿಟ್ಟಿದ್ದರೆ ಅವಳಿಗೆ ಮನೆ ಉಳಿಯುತ್ತಿತ್ತು, ಊಟದ ಮೇಜು ಉಳಿಯುತ್ತಿತ್ತು. ತನಗಾಗಿ ಆ ಒಂದು ಸುಳ್ಳನ್ನು ಅವಳು ಹೇಳಲಿಲ್ಲ. ನನ್ನ ಮಾನ ಉಳಿಸಲು ಇಪ್ಪತ್ತೈದು ವರ್ಷ ಹಬ್ಬಹಬ್ಬಕ್ಕೂ ಸುಳ್ಳು ಹೇಳಿದಳು. ಇಲ್ಲದ ತಮ್ಮನೊಬ್ಬನನ್ನು, ನಾನು ಆಗಬೇಕಾಗಿದ್ದ ತಮ್ಮನನ್ನು ಕಟ್ಟಿ, ಅವನಿಗೆ ಬರಲಾಗದ ಕಾಯಿಲೆಯನ್ನೂ ಕೊಟ್ಟು ಈ ಮನೆಯಲ್ಲಿ ಸಾಕಿದ್ದಳು.

ಲೋಟದಲ್ಲಿದ್ದ ಕಾಫಿಯನ್ನು ಕುಡಿದು ಮುಗಿಸಿದೆ. ನಾನೇ ಅವನು ಎಂದು ಹೇಳಲಿಲ್ಲ. ಹೇಳಿದರೆ ಅಕ್ಕ ಸುಳ್ಳುಗಾರ್ತಿಯಾಗುತ್ತಾಳೆ ಎಂದು ಅವತ್ತು ಸಮಾಧಾನ ಮಾಡಿಕೊಂಡೆ. ಅದೂ ಹೆದರಿಕೆಯೇ. ಇಷ್ಟು ವರ್ಷ ಎಲ್ಲಿದ್ದಿರಿ ಎಂದು ಆ ಹೆಣ್ಣುಮಗಳು ಕೇಳಿಬಿಟ್ಟರೆ ಎಂದು.

ಸ್ಮಶಾನದಲ್ಲಿ ಅವಳ ವಿದ್ಯಾರ್ಥಿಗಳು ಹಾಡಿದರು. ನಾನು ಎಲ್ಲರ ಹಿಂದೆ ನಿಂತಿದ್ದೆ. ಅಲ್ಲಿಯ ಗುಮಾಸ್ತ ಪುಸ್ತಕ ತೆರೆದು, ತೀರಿಕೊಂಡವರಿಗೆ ನೀವು ಏನಾಗಬೇಕು ಎಂದು ಯಜಮಾನರನ್ನು ಕೇಳಿದ. ಅವರು ಸುತ್ತ ನೋಡಿ, "ರಕ್ತಸಂಬಂಧದವರು ಯಾರೂ ಬಂದಿಲ್ಲ. ನೆರೆಯವರು ಅಂತ ಬರ್ಕೊಳ್ಳಿ" ಎಂದರು. ಅವರ ದೃಷ್ಟಿ ನನ್ನ ಮೇಲೂ ಹಾದು ಹೋಯಿತು.

ಕೋಟೆಯ ಆ ಮನೆಯವರ ಕೈಗೆ ಇದು ಸಿಕ್ಕಿದರೆ ಅವರಿಗೆ ಇಷ್ಟು ತಿಳಿಸಬೇಕು. ಅಸ್ಸಾಂನಲ್ಲಿ ಯಾರೂ ಇಲ್ಲ. ಅವತ್ತು ನೀವು ಕೊಟ್ಟ ಕಾಫಿ ಕುಡಿದು, ಹಳೇ ಪರಿಚಯ ಎಂದು ಹೇಳಿ, ಸಂಜೆಯ ಬಸ್ಸಿಗೆ ಹೋದ ಮುದುಕನೇ ಆ ತಮ್ಮ. ನೀವು ಹೆಗಲು ಕೊಟ್ಟು ಕಳಿಸಿದವಳು, ನಾನು ಯಾರಲ್ಲಿ ಒಂದು ಸಲವೂ ಕ್ಷಮೆ ಕೇಳಲಿಲ್ಲವೋ ಅವಳು, ನನ್ನ ಅಕ್ಕ.